ಅಂಗಡಿ ಮನೆಯಾಗಬಹುದೆ?

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಇಂಗ್ಲೆಂಡಿನ ಯಾವುದೋ ಒಂದು ಪಟ್ಟಣದ ಪೇಟೆಬೀದಿಯಲ್ಲಿ ಮುಚ್ಚಿಹೋದ ಅಂಗಡಿಯೊಂದು ಇದೆಯೆಂದು ಭಾವಿಸಿರಿ. ಅದರ ಅಗಲ 5 ಮೀಟರ್, ಉದ್ದ 15 ಮೀಟರ್. ಅಂದರೆ ನೆಲದ ವಿಸ್ತೀರ್ಣ 75 ಚದರ ಮೀಟರ್. ಬೀದಿಯ ಕಡೆ ಗೋಡೆಯೇ ಇಲ್ಲವೆನ್ನುವಂತೆ ದೊಡ್ಡದೊಂದು ಗಾಜಿನ ಕಿಟಕಿ. ಎಡಬಲಗಳಲ್ಲಿ ನೆರೆಯ ಅಂಗಡಿಗಳ ಗೋಡೆಗಳು. ಹಿಂಬದಿಯಲ್ಲಿ ಓಣಿಗೆ ತೆರೆಯುವ ಒಂದು ಗಟ್ಟಿ ಬಾಗಿಲು ಮಾತ್ರ. ಆ ದೇಶದಲ್ಲಿ ಹೀಗೆ ಅಂಗಡಿಯನ್ನು ಮನೆಯಾಗಿ ಮಾರ್ಪಡಿಸುವವರು, ಒಬ್ಬನೇ ವಾಸಿಸುವ ಮನೆಗೆ, ಸ್ನಾನದ ತೊಟ್ಟಿಯ ಬದಲು ಷವರ್ ಇಟ್ಟ ಪಕ್ಷದಲ್ಲಿ, ಕನಿಷ್ಠ 37 ಚದರ ಮೀಟರ್ ಸ್ಥಳವನ್ನು ಬಿಡಬೇಕೆಂದು ನಿಯಮವಿದೆ. ಅಂಗಡಿಯ ನಟ್ಟನಡುವೆ 20 ಸೆಂಟಿಮೀಟರ್ ದಪ್ಪದ ಗೋಡೆಯನ್ನು ಅಡ್ಡಲಾಗಿ ಎಬ್ಬಿಸಿದರೆ ಅದಕ್ಕೆ 1 ಚದರ ಮೀಟರ್ ವೆಚ್ಚವಾಗುತ್ತದೆ. ಉಳಿದುದರಲ್ಲಿ ಮುಂದೊಂದು, ಹಿಂದೊಂದು, ತಲಾ 37 ಚದರ ಮೀಟರಿನ ಎರಡು ಮನೆಗಳು ಸಿದ್ಧವಾಗುತ್ತವೆ. ಲೆಕ್ಕ ಸರಿಯಾಗಿದೆ. ಆದರೂ ಉತ್ತರ ತಪ್ಪು.

ಅದು ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಆ ದೇಶದ ಕಾನೂನನ್ನೂ, ಬೆಳಕಿನ ನಡವಳಿಕೆಯನ್ನೂ, ಮನುಷ್ಯ ಶರೀರದ ಅಗತ್ಯಗಳನ್ನೂ ಕೊಂಚ ಕೊಂಚ ಅರಿಯಬೇಕಾಗುತ್ತದೆ. ಈ ಲೇಖನದಲ್ಲಿ ಅವನ್ನು ಒಂದೊಂದಾಗಿ ಪರಿಶೀಲಿಸಿ, ಕೊನೆಗೆ ನಮ್ಮ ಲೆಕ್ಕಕ್ಕೆ ಸರಿಯಾದ ಉತ್ತರವನ್ನು ಕಂಡುಕೊಳ್ಳೋಣ.

ಅಂಗಡಿಗಳು ಬರಿದಾದುದೇಕೆ?

ಇಂಗ್ಲೆಂಡಿನ ಪಟ್ಟಣಗಳಲ್ಲಿ ಮುಖ್ಯವಾದ ಪೇಟೆಬೀದಿಯನ್ನು ‘ಹೈಸ್ಟ್ರೀಟ್’ ಎಂದು ಕರೆಯುವುದು ವಾಡಿಕೆ. ಕೆಳಗೆ ಅಂಗಡಿ, ಮೇಲೆ ಅಂಗಡಿಕಾರನ ಸಂಸಾರ – ಇದು ಅಲ್ಲಿನ ಹಳೆಯ ಪದ್ಧತಿ. 1979ರಲ್ಲಿ ಆ ದೇಶದ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಅವರು ಬಾಲ್ಯವನ್ನು ಕಳೆದುದು ಗ್ರ್ಯಾಂಥಮ್ ಎಂಬ ಊರಿನಲ್ಲಿ, ತಂದೆಯ ದಿನಸಿ ಅಂಗಡಿಯ ಮೇಲಣ ಮನೆಯಲ್ಲಿ. ಹೀಗೆ ಅಂಗಡಿಯೂ ಮನೆಯೂ ಒಂದೇ ಸೂರಿನ ಕೆಳಗಿರುವುದು ಹೊಸ ಸಂಗತಿಯಲ್ಲ. ಅಂಗಡಿಯೇ ಇಲ್ಲವಾಗಿ ಅದರ ಜಾಗದಲ್ಲಿ ಮನೆ ಬರುವುದು ಮಾತ್ರ ಈಚಿನ ಕಾಲದ ಸಮಸ್ಯೆ.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಊರ ಹೊರಗಿನ ದೊಡ್ಡ ಮಳಿಗೆಗಳು ಮೊದಲು ಪೇಟೆಬೀದಿಯ ವ್ಯಾಪಾರವನ್ನು ಸೆಳೆದುವು. ಆಮೇಲೆ ಅಂತರಜಾಲದ ವ್ಯಾಪಾರ ಬಂದಿತು. 2006ರಲ್ಲಿ ಬ್ರಿಟನ್ನಿನ ಚಿಲ್ಲರೆ ವ್ಯಾಪಾರದಲ್ಲಿ ನೂರಕ್ಕೆ ಸುಮಾರು ಮೂರರಷ್ಟಿದ್ದ ಅದರ ಪಾಲು, ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ, 2021ರ ಆರಂಭದ ಹೊತ್ತಿಗೆ, ಮೂರನೆಯ ಒಂದು ಭಾಗವನ್ನು ಮೀರಿತ್ತು. 1909ರಿಂದ ಆ ದೇಶದಲ್ಲಿ ವ್ಯಾಪಾರ ಮಾಡುತ್ತಿದ್ದ ವೂಲ್‌ವರ್ತ್ಸ್ ಸಂಸ್ಥೆ 2008ರ ಡಿಸೆಂಬರ್ ಕೊನೆಯಿಂದ 2009ರ ಜನವರಿ 6ರೊಳಗೆ ತನ್ನ 807 ಅಂಗಡಿಗಳಿಗೂ ಬೀಗ ಹಾಕಿತು. 2016ರಲ್ಲಿ ಬಿ.ಎಚ್.ಎಸ್., 2021ರಲ್ಲಿ ಡೆಬೆನ್‌ಹಮ್ಸ್ ಅದೇ ಹಾದಿ ಹಿಡಿದುವು. ಒಂದು ಕಡೆ ಹೀಗೆ ಬೀಗ ಬಿದ್ದ ಅಂಗಡಿಗಳು. ಇನ್ನೊಂದು ಕಡೆ ಮನೆಗಳ ಕೊರತೆ. ವರ್ಷಕ್ಕೆ 3 ಲಕ್ಷ ಮನೆಗಳನ್ನು ಒದಗಿಸಬೇಕೆಂದು ಸರ್ಕಾರ 2017ರಲ್ಲಿ ಗುರಿಯಿಟ್ಟುಕೊಂಡಿತಾದರೂ ಆ ಗುರಿ ಕೈಗೂಡಲಿಲ್ಲ. ಖಾಲಿ ಅಂಗಡಿಯಲ್ಲಿ ಮನೆಯಿಲ್ಲದವರನ್ನು ಇರಿಸಿದರೆ ಎರಡು ಸಮಸ್ಯೆಗಳೂ ಒಮ್ಮೆಗೇ ತೀರುವುವಲ್ಲವೆ? ಈ ಆಲೋಚನೆ ಸಹಜವಾದುದೇ. ತೊಡಕು ಇರುವುದು ಅದನ್ನು ನಡೆಸುವ ರೀತಿಯಲ್ಲಿ.

ಕಟ್ಟಡ ಅದೇ, ಉಪಯೋಗ ಬೇರೆ

ಗೋಡೆಯೊಂದನ್ನೂ ಅಲುಗಿಸದೆ, ಅಂಗಡಿಯ ಹಲಗೆಯನ್ನು ಇಳಿಸಿ ಒಳಗೊಂದು ಮಂಚ ಹಾಕಿಕೊಂಡರೆ ಅದಕ್ಕೆ ಸರ್ಕಾರದ ಅಪ್ಪಣೆ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನಿನಲ್ಲಿದೆ. 1948ರ ಜುಲೈ 1ರಿಂದ ಜಾರಿಗೆ ಬಂದ ಈ ಕಾನೂನು ‘ಅಭಿವೃದ್ಧಿ’ ಎಂಬ ಮಾತಿಗೆ ಎರಡು ಅರ್ಥಗಳನ್ನು ಕೊಟ್ಟಿತು. ಭೂಮಿಯ ಮೇಲೋ ಕೆಳಗೋ ಕಟ್ಟುವ, ಅಗೆಯುವ ಕೆಲಸ ಮೊದಲನೆಯದು. ಕಟ್ಟಡದ ಅಥವಾ ಭೂಮಿಯ ಉಪಯೋಗದಲ್ಲಿ ಗಣನೀಯವಾದ ಮಾರ್ಪಾಟು ಎರಡನೆಯದು. ಇವೆರಡಕ್ಕೂ ಅನುಮತಿ ಅವಶ್ಯಕ.

ಉಪಯೋಗವು ಬದಲಾದರೆ ಅದರ ಪರಿಣಾಮ ಆ ಕಟ್ಟಡದ ನಾಲ್ಕು ಗೋಡೆಗಳೊಳಗೇ ನಿಲ್ಲುವುದಿಲ್ಲವೆಂಬುದೇ ಈ ವಿಧಿಯ ಮೂಲತತ್ತ್ವ. ಅಂಗಡಿಗೆ ಜನ ಹಗಲು ಬಂದು ಹೋಗುತ್ತಾರೆ. ಮನೆಯಲ್ಲಿ ರಾತ್ರಿ ಮಲಗುತ್ತಾರೆ. ಅಂಗಡಿಯಲ್ಲಿ ವಿದ್ಯುದ್ದೀಪದ ಬೆಳಕು ಸಾಕು. ಮನೆಗೆ ಸೂರ್ಯನ ಬೆಳಕು ಬೇಕು. ಅಂಗಡಿಯ ಪಕ್ಕದಲ್ಲಿ ಗದ್ದಲದ ಹೋಟೆಲಿದ್ದರೆ ವ್ಯಾಪಾರಕ್ಕೆ ಲಾಭ. ಮನೆಯ ಪಕ್ಕದಲ್ಲಿದ್ದರೆ ನಿದ್ರೆಗೆ ಭಂಗ.

ಹಾಗೆಂದು ಪುಸ್ತಕದ ಅಂಗಡಿಯವನು ಬಟ್ಟೆಯ ಅಂಗಡಿ ತೆರೆಯುವುದಕ್ಕೂ ಅಪ್ಪಣೆ ಬೇಡಬೇಕೆಂದರೆ ಬದುಕು ಸಾಗುವುದಿಲ್ಲ. ಅದಕ್ಕಾಗಿ ಕಟ್ಟಡಗಳನ್ನು ‘ಉಪಯೋಗ ವರ್ಗ’ಗಳಾಗಿ ವಿಂಗಡಿಸಿ, ಒಂದೇ ವರ್ಗದ ಒಳಗಿನ ಬದಲಾವಣೆಗೆ ಅನುಮತಿ ಬೇಡವೆಂದು ವಿಧಿಸಿದರು. ಈ ವಿಂಗಡಣೆಯಲ್ಲಿ ಕೆಲವು ಸ್ವಾರಸ್ಯಗಳುಂಟು. 1972ರ ಆಜ್ಞೆಯಲ್ಲಿ ಅಂಗಡಿಗಳೆಲ್ಲ ಮೊದಲನೆಯ ವರ್ಗಕ್ಕೆ ಸೇರಿದ್ದರೂ ಬಿಸಿ ತಿನಿಸಿನ ಅಂಗಡಿ, ಪ್ರಾಣಿಗಳ ಜಠರದ ಮಾಂಸವನ್ನು ಮಾರುವ ಅಂಗಡಿ, ಸಾಕುಪ್ರಾಣಿಗಳ ಅಂಗಡಿ, ಬೆಕ್ಕಿನ ಆಹಾರಕ್ಕೆಂದು ಮಾಂಸ ಮಾರುವ ಅಂಗಡಿ, ಮೋಟಾರು ವಾಹನಗಳ ಅಂಗಡಿ – ಈ ಐದನ್ನು ಹೊರಗಿರಿಸಲಾಗಿತ್ತು. ವಾಸನೆ, ಕೂಗು, ಹೊಗೆ, ಓಡಾಟಗಳಿಂದ ನೆರೆಯವರಿಗೆ ತೊಂದರೆ ಕೊಡುವಂಥವೇ ಇವು. ಕಾನೂನಿನ ಭಾಷೆ ಶುಷ್ಕವಾಗಿ ಕಂಡರೂ ಅದರ ಹಿಂದೆ ಒಂದು ಮೂಗು, ಒಂದು ಜೊತೆ ಕಿವಿ ಇದ್ದುವೆಂಬುದು ಇದರಿಂದ ಗೊತ್ತಾಗುತ್ತದೆ.

ಬಿಗಿ ಸಡಿಲವಾದ ಕ್ರಮ

ಬಹುಕಾಲ ಅಂಗಡಿಯನ್ನು ಮನೆ ಮಾಡಬೇಕಾದರೆ ಸ್ಥಳೀಯ ಯೋಜನಾ ಪ್ರಾಧಿಕಾರಕ್ಕೆ ಪೂರ್ಣ ಅರ್ಜಿ ಕೊಡಬೇಕಾಗಿತ್ತು. ನೆರೆಹೊರೆಯವರ ಅಭಿಪ್ರಾಯ, ಊರಿನ ಯೋಜನೆ, ಕೊಠಡಿಗಳ ಗಾತ್ರ – ಎಲ್ಲವನ್ನೂ ತೂಗಿನೋಡಿ ಪ್ರಾಧಿಕಾರ ಒಪ್ಪುತ್ತಿತ್ತು, ಇಲ್ಲವೆ ನಿರಾಕರಿಸುತ್ತಿತ್ತು. 2013ರ ಮೇ ತಿಂಗಳಲ್ಲಿ ಸರ್ಕಾರ ಈ ಬಿಗಿಯನ್ನು ಮೊದಲು ಕಚೇರಿಗಳ ವಿಷಯದಲ್ಲಿ ಸಡಿಲಿಸಿತು. 2014ರ ಏಪ್ರಿಲಿನಲ್ಲಿ 150 ಚದರ ಮೀಟರಿನವರೆಗಿನ ಸಣ್ಣ ಅಂಗಡಿಗಳಿಗೂ ಆ ಸೌಲಭ್ಯ ದೊರೆಯಿತು. 2020ರ ಸೆಪ್ಟೆಂಬರ್ 1ರಂದು ಅಂಗಡಿ, ಕಾಫಿ ಹೋಟೆಲು, ಬ್ಯಾಂಕು, ಕಚೇರಿ, ವೈದ್ಯಶಾಲೆ, ಶಿಶುವಿಹಾರ, ವ್ಯಾಯಾಮಶಾಲೆ ಮೊದಲಾದುವನ್ನೆಲ್ಲ ‘ಇ’ ಎಂಬ ಒಂದೇ ವಿಶಾಲ ವರ್ಗದಲ್ಲಿ ಸೇರಿಸಲಾಯಿತು. 2021ರ ಆಗಸ್ಟ್ 1ರಿಂದ ಈ ಇಡೀ ವರ್ಗದ ಕಟ್ಟಡಗಳನ್ನು ಮನೆಗಳನ್ನಾಗಿ ಮಾರ್ಪಡಿಸಲು ‘ಎಂ.ಎ.’ ಎಂಬ ಹೊಸ ವಿಧಿ ಬಂದಿತು.

ಈ ಬಗೆಯ ಸೌಲಭ್ಯಕ್ಕೆ ‘ಅನುಮತ ಅಭಿವೃದ್ಧಿ’ ಎಂದು ಹೆಸರು. ಅಂದರೆ ಅನುಮತಿಯನ್ನು ಪಾರ್ಲಿಮೆಂಟು ಮುಂದಾಗಿಯೇ ಇಡೀ ದೇಶಕ್ಕೆ ಕೊಟ್ಟುಬಿಟ್ಟಿದೆ. ಮಾಲಿಕನು ಸ್ಥಳೀಯ ಪ್ರಾಧಿಕಾರದಿಂದ ‘ಪೂರ್ವಾನುಮೋದನೆ’ಯನ್ನಷ್ಟೇ ಪಡೆಯಬೇಕು. ಪೂರ್ಣ ಅರ್ಜಿಗೂ ಪೂರ್ವಾನುಮೋದನೆಗೂ ಇರುವ ಅಂತರವನ್ನು ಪರೀಕ್ಷೆಯ ದೃಷ್ಟಾಂತದಿಂದ ಹೇಳಬಹುದು. ಮೊದಲನೆಯದರಲ್ಲಿ ಪರೀಕ್ಷಕನು ಏನನ್ನು ಬೇಕಾದರೂ ಕೇಳಬಲ್ಲ. ಎರಡನೆಯದರಲ್ಲಿ ಪ್ರಶ್ನೆಪತ್ರಿಕೆ ಅಚ್ಚಾಗಿ ಬಂದಿರುತ್ತದೆ. ಅದರಲ್ಲಿಲ್ಲದ ಪ್ರಶ್ನೆಯನ್ನು, ಅದೆಷ್ಟೇ ಮುಖ್ಯವಾಗಿರಲಿ, ಕೇಳುವ ಅಧಿಕಾರ ಅವನಿಗಿಲ್ಲ. ಇದಲ್ಲದೆ ಅರ್ಜಿ ತಲುಪಿದ 56 ದಿನಗಳೊಳಗೆ ಪ್ರಾಧಿಕಾರ ತನ್ನ ತೀರ್ಮಾನವನ್ನು ತಿಳಿಸದೆ ಹೋದರೆ ಮಾಲಿಕನು ಕೆಲಸವನ್ನು ಆರಂಭಿಸಬಹುದು. ಅನುಮೋದನೆ ದೊರೆತ ಮೇಲೆ ಮೂರು ವರ್ಷಗಳೊಳಗೆ ಅದನ್ನು ಮುಗಿಸಬೇಕು.

ಆರಂಭದಲ್ಲಿ ಎಂ.ಎ. ವಿಧಿ 1,500 ಚದರ ಮೀಟರನ್ನು ಮೀರದ ಕಟ್ಟಡಗಳಿಗೆ ಮಾತ್ರ ಅನ್ವಯಿಸುತ್ತಿತ್ತು; ಕಟ್ಟಡ ಮೂರು ತಿಂಗಳು ಖಾಲಿಯಿದ್ದಿರಬೇಕೆಂಬ ನಿಬಂಧನೆಯೂ ಇತ್ತು. 2024ರ ಮಾರ್ಚ್ 5ರಿಂದ ಇವೆರಡನ್ನೂ ತೆಗೆದುಹಾಕಲಾಯಿತು. ಅರ್ಜಿಗೆ ಹಿಂದೆ ಎರಡು ವರ್ಷ ಎಡೆಬಿಡದೆ ಆ ಕಟ್ಟಡ ‘ಇ’ ವರ್ಗದ ಉಪಯೋಗದಲ್ಲಿದ್ದಿರಬೇಕೆಂಬ ಷರತ್ತು ಮಾತ್ರ ಉಳಿದುಕೊಂಡಿತು. ಐತಿಹಾಸಿಕ ಮಹತ್ತ್ವಕ್ಕಾಗಿ ಸರ್ಕಾರದ ಪಟ್ಟಿಗೆ ಸೇರಿದ ಕಟ್ಟಡಗಳಿಗೂ, ರಾಷ್ಟ್ರೀಯ ಉದ್ಯಾನಗಳೊಳಗಣ ಕಟ್ಟಡಗಳಿಗೂ ಈ ಸೌಲಭ್ಯ ಸಲ್ಲುವುದಿಲ್ಲ. ಇವೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮಗಳು ಬೇರೆ.

ಕೇಳದೆ ಬಿಟ್ಟ ಪ್ರಶ್ನೆಗಳು

2013ರ ಪ್ರಶ್ನೆಪತ್ರಿಕೆಯಲ್ಲಿ ಎರಡು ಪ್ರಶ್ನೆಗಳು ಬಿಟ್ಟುಹೋಗಿದ್ದುವು. ಮನೆ ಎಷ್ಟು ದೊಡ್ಡದು? ಅದಕ್ಕೆ ಕಿಟಕಿ ಇದೆಯೆ? ಇಂಥ ಪ್ರಶ್ನೆಗಳನ್ನು ಕೇಳುವುದೂ ಒಂದು ಅಗತ್ಯವೆ ಎಂದು ವಾಚಕರಿಗೆ ತೋರಬಹುದು. ಅಗತ್ಯವೇ ಎಂಬುದನ್ನು ಅನುಭವವು ತೋರಿಸಿಕೊಟ್ಟಿತು.

ಲಂಡನ್ನಿನ ವಾಯವ್ಯಕ್ಕಿರುವ ವಾಟ್‌ಫರ್ಡ್ ಪಟ್ಟಣದಲ್ಲಿ ಒಂದು ಕೈಗಾರಿಕಾ ಕಟ್ಟಡವನ್ನು 15 ಸಣ್ಣ ಮನೆಗಳಾಗಿ ವಿಭಜಿಸುವ ಪ್ರಸ್ತಾಪ ಬಂದಿತು. ಅವುಗಳಲ್ಲಿ ಏಳಕ್ಕೆ ಕಿಟಕಿಯೇ ಇರಲಿಲ್ಲ. ಸ್ಥಳೀಯ ಪ್ರಾಧಿಕಾರ ಅದನ್ನು ನಿರಾಕರಿಸಿತು. ಮಾಲಿಕರು ಮೇಲ್ಮನವಿ ಸಲ್ಲಿಸಿದರು. 2019ರಲ್ಲಿ ತೀರ್ಪು ಮಾಲಿಕರ ಪರವಾಗಿ ಬಂದಿತು. ಕಿಟಕಿಯಿಲ್ಲದ ಬಾಳು ಒಳ್ಳೆಯದೆಂದು ತೀರ್ಪುಗಾರರೇನೂ ಹೇಳಲಿಲ್ಲ. ಆದರೆ ಆಗ ಜಾರಿಯಲ್ಲಿದ್ದ ನಿಯಮಗಳ ಪಟ್ಟಿಯಲ್ಲಿ ಕಿಟಕಿಯ ಪ್ರಸ್ತಾಪವಿಲ್ಲದಿದ್ದುದರಿಂದ, ಆ ಕಾರಣಕ್ಕಾಗಿ ಅನುಮೋದನೆಯನ್ನು ನಿರಾಕರಿಸಲು ಅವರಿಗೆ ದಾರಿಯಿರಲಿಲ್ಲ. ಕಾನೂನು ಮೌನವಾಗಿರುವಲ್ಲಿ ಕತ್ತಲೆಯೂ ಕ್ರಮಬದ್ಧವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇದೊಂದು ಬಿಡಿ ಪ್ರಸಂಗವಾಗಿರಲಿಲ್ಲ. ಸರ್ಕಾರವೇ ಕೇಳಿಕೊಂಡ ಮೇರೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಬಗೆಯ ಮಾರ್ಪಾಟುಗಳನ್ನು ಪರಿಶೀಲಿಸಿ 2020ರ ಜುಲೈಯಲ್ಲಿ ವರದಿಯನ್ನು ಪ್ರಕಟಿಸಿದರು. ಕಚೇರಿ, ಅಂಗಡಿ, ಉಗ್ರಾಣ ಮೊದಲಾದುವನ್ನು ಅನುಮತ ಅಭಿವೃದ್ಧಿಯ ಮಾರ್ಗದಿಂದ ಮಾರ್ಪಡಿಸಿದ ಮನೆಗಳ ಪೈಕಿ ನೂರಕ್ಕೆ 22.1 ಮಾತ್ರ ರಾಷ್ಟ್ರೀಯ ಸ್ಥಳಾವಕಾಶದ ಮಾನಕ್ಕೆ ಸರಿಹೊಂದಿದುವು. ಪೂರ್ಣ ಅರ್ಜಿಯ ಮೂಲಕ ಮಾರ್ಪಾಟಾದ ಮನೆಗಳಲ್ಲಾದರೋ ಈ ಪ್ರಮಾಣ ನೂರಕ್ಕೆ 73.4 ಆಗಿತ್ತು. ಮೊದಲ ಗುಂಪಿನಲ್ಲಿ ನೂರಕ್ಕೆ 72 ಮನೆಗಳಿಗೆ ಒಂದೇ ದಿಕ್ಕಿನಲ್ಲಿ ಕಿಟಕಿಗಳಿದ್ದುವು. ಎರಡನೆಯ ಗುಂಪಿನಲ್ಲಿ ನೂರಕ್ಕೆ 29.5ಕ್ಕೆ ಮಾತ್ರ. ಕಟ್ಟಡಗಳು ಒಂದೇ ಬಗೆಯವು, ದೇಶವೂ ಒಂದೇ. ವ್ಯತ್ಯಾಸವಿದ್ದುದು ಕೇಳಿದ ಪ್ರಶ್ನೆಗಳಲ್ಲಿ.

ಇದರಿಂದ ಎಚ್ಚೆತ್ತ ಸರ್ಕಾರ ಬಿಟ್ಟುಹೋದ ಪ್ರಶ್ನೆಗಳನ್ನು ಮತ್ತೆ ಸೇರಿಸಿತು. ವಾಸಯೋಗ್ಯ ಕೊಠಡಿಗಳಿಗೆಲ್ಲ ಸಾಕಷ್ಟು ನೈಸರ್ಗಿಕ ಬೆಳಕು ಇರಬೇಕೆಂಬ ಷರತ್ತು 2020ರಲ್ಲಿಯೂ, ಸ್ಥಳಾವಕಾಶದ ಮಾನವನ್ನು ಪಾಲಿಸಲೇಬೇಕೆಂಬ ಷರತ್ತು 2021ರ ಏಪ್ರಿಲ್ 6ರಿಂದಲೂ ಜಾರಿಗೆ ಬಂದುವು. ಈ ಮಾನದ ಪ್ರಕಾರ ಒಬ್ಬನ ಮನೆಗೆ 39 ಚದರ ಮೀಟರ್, ಷವರ್ ಇದ್ದರೆ 37. ಒಂದು ಮಲಗುವ ಕೊಠಡಿಯ ಇಬ್ಬರ ಮನೆಗೆ 50. ಎರಡು ಮಲಗುವ ಕೊಠಡಿಗಳ, ಒಂದೇ ಅಂತಸ್ತಿನ, ನಾಲ್ವರ ಮನೆಗೆ 70 ಚದರ ಮೀಟರ್ ಇರಬೇಕು.

ಬೆಳಕಿನ ಲೆಕ್ಕ

ಈಗ ನಮ್ಮ ಅಂಗಡಿಗೆ ಹಿಂತಿರುಗೋಣ. ಮುಂಭಾಗದಲ್ಲಿ ಅಷ್ಟು ದೊಡ್ಡ ಗಾಜಿನ ಕಿಟಕಿಯಿರುವಾಗ ಬೆಳಕಿಗೇನು ಕೊರತೆ? ಕೊರತೆ ಇರುವುದು ಆಳದಲ್ಲಿ. ಮೋಡ ಕವಿದ ದಿನ ಕೋಣೆಯೊಳಕ್ಕೆ ಬರುವ ಬೆಳಕು ಮುಖ್ಯವಾಗಿ ಆಕಾಶದ್ದು. ಕಿಟಕಿಯ ಬಳಿ ನಿಂತವನಿಗೆ ಆಕಾಶದ ದೊಡ್ಡ ತುಂಡೊಂದು ಕಾಣುತ್ತದೆ. ಅವನು ಹಿಂದೆ ಹಿಂದೆ ಸರಿದಂತೆ ಆ ತುಂಡು ಕಿರಿದಾಗುತ್ತದೆ. ಕೊನೆಗೊಂದು ಗೆರೆಯನ್ನು ದಾಟಿದ ಮೇಲೆ ಎದುರುಬೀದಿಯ ಕಟ್ಟಡದ ಗೋಡೆಯ ಹೊರತು ಬೇರೇನೂ ಕಾಣದು. ಇದಕ್ಕೆ ‘ನಿರಾಕಾಶ ರೇಖೆ’ ಎನ್ನೋಣ. ಅದರಿಂದಾಚೆಗೆ ತಲುಪುವುದು ಗೋಡೆಗಳಿಗೆ ತಗಲಿ ಮರಳಿದ ಬಡಕಲು ಬೆಳಕು ಮಾತ್ರ.

ಈ ರೇಖೆ ಎಲ್ಲಿದೆಯೆಂಬುದನ್ನು ಸಮರೂಪ ತ್ರಿಕೋನಗಳ ಪಾಠ ಓದಿದ ಯಾವ ವಿದ್ಯಾರ್ಥಿಯಾದರೂ ಕಂಡುಹಿಡಿಯಬಲ್ಲ. ಕಿಟಕಿಯ ಮೇಲಂಚು ನೆಲದಿಂದ 3 ಮೀಟರ್ ಎತ್ತರದಲ್ಲಿರಲಿ. ಬೀದಿಯ ಅಗಲ 12 ಮೀಟರ್, ಎದುರಿನ ಕಟ್ಟಡದ ಎತ್ತರ 9 ಮೀಟರ್ ಇರಲಿ. ಮೇಜಿನ ಮೇಲಿನ ಪುಸ್ತಕಕ್ಕೆ ಬೆಳಕು ಬೇಕಾದುದರಿಂದ ನೆಲದಿಂದ 0.85 ಮೀಟರ್ ಎತ್ತರದಲ್ಲಿ ಅಳೆಯೋಣ. ಆಗ ಕಿಟಕಿಯ ಮೇಲಂಚು ಮೇಜಿಗಿಂತ 2.15 ಮೀಟರ್ ಮೇಲಿದೆ. ಎದುರಿನ ಕಟ್ಟಡದ ನೆತ್ತಿ 8.15 ಮೀಟರ್ ಮೇಲಿದೆ. ಕಿಟಕಿಯಿಂದ ರೇಖೆಗಿರುವ ದೂರವನ್ನು ‘ದ’ ಎಂದು ಕರೆದರೆ, 2.15ನ್ನು ‘ದ’ದಿಂದ ಭಾಗಿಸಿದಾಗ ಬರುವ ಲಬ್ಧವೂ 8.15ನ್ನು ‘ದ’ಕ್ಕೆ 12 ಕೂಡಿಸಿದ ಮೊತ್ತದಿಂದ ಭಾಗಿಸಿದಾಗ ಬರುವ ಲಬ್ಧವೂ ಸಮವಾಗಿರಬೇಕು. ಸಮೀಕರಣವನ್ನು ಬಿಡಿಸಿದರೆ ‘ದ’ದ ಬೆಲೆ 4.3 ಮೀಟರ್ ಆಗುತ್ತದೆ. ಹದಿನೈದು ಮೀಟರ್ ಉದ್ದದ ಅಂಗಡಿಯಲ್ಲಿ ಆಕಾಶವನ್ನು ಕಾಣುವ ಭಾಗ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ!

ಮುಂದಿನ ಮನೆಯ ಉದ್ದ 7.4 ಮೀಟರ್. ಅದರ ಮೊದಲ 4.3 ಮೀಟರಿನಲ್ಲಿ ಇರುವ, ಮಲಗುವ ಸ್ಥಳವನ್ನಿಟ್ಟು, ಉಳಿದ ಕತ್ತಲೆಯ ಭಾಗದಲ್ಲಿ ಬಚ್ಚಲನ್ನೂ ಸಾಮಾನಿನ ಕೋಣೆಯನ್ನೂ ಇಡಬಹುದು. ಬಚ್ಚಲು, ನಡುವಂಕಣ, ಬಟ್ಟೆ ಒಗೆಯುವ ಕೋಣೆ ಇವು ಕಾನೂನಿನ ದೃಷ್ಟಿಯಲ್ಲಿ ವಾಸಯೋಗ್ಯ ಕೊಠಡಿಗಳಲ್ಲ. ಅವಕ್ಕೆ ಹಗಲ ಬೆಳಕಿನ ಕಡ್ಡಾಯವಿಲ್ಲ. ಹಿಂದಿನ ಮನೆಗಾದರೋ ಆಕಾಶದ ಒಂದು ಎಳೆಯೂ ಇಲ್ಲ. 37 ಚದರ ಮೀಟರ್ ಇದ್ದರೂ ಅದು ಮನೆಯಲ್ಲ, ಉಗ್ರಾಣ. ಸ್ಥಳದ ನಿಯಮವೊಂದೇ ಇದ್ದಿದ್ದರೆ ಅದು ತೇರ್ಗಡೆಯಾಗುತ್ತಿತ್ತು. ಬೆಳಕಿನ ನಿಯಮ ಅದನ್ನು ತಡೆಯುತ್ತದೆ.

‘ಸಾಕಷ್ಟು’ ಬೆಳಕೆಂದರೆ ಎಷ್ಟು? ವಿಧಿಯಲ್ಲಿ ಅಂಕಿಯನ್ನು ಕೊಟ್ಟಿಲ್ಲ. ವಾಡಿಕೆಯಲ್ಲಿ ತಜ್ಞರು ಬ್ರಿಟಿಷ್ ಮಾನಕವೊಂದನ್ನು ಅನುಸರಿಸುತ್ತಾರೆ. ಕೊಠಡಿಯ ಅರ್ಧ ಭಾಗದಲ್ಲಾದರೂ, ವರ್ಷದ ಹಗಲಿನ ಅರ್ಧ ಅವಧಿಯಲ್ಲಾದರೂ, ಮಲಗುವ ಕೋಣೆಗೆ 100 ಲಕ್ಸ್, ಇರುವ ಕೋಣೆಗೆ 150 ಲಕ್ಸ್, ಅಡುಗೆಮನೆಗೆ 200 ಲಕ್ಸ್ ಬೆಳಕು ದೊರೆಯಬೇಕೆಂದು ಅದು ಹೇಳುತ್ತದೆ. ಮೋಡ ಕವಿದ ಹಗಲಲ್ಲಿಯೂ ಬಯಲಿನಲ್ಲಿ ಸುಮಾರು 10,000 ಲಕ್ಸ್ ಇರುವುದನ್ನು ನೆನೆದರೆ ಇದು ಅತಿಯಾದ ಬೇಡಿಕೆಯಲ್ಲವೆಂಬುದು ತಿಳಿಯುತ್ತದೆ.

ಹಗಲ ಬೆಳಕಿನ ಬದಲು ವಿದ್ಯುದ್ದೀಪ ಸಾಲದೆ ಎಂದು ಕೆಲವರು ಕೇಳಬಹುದು. ನೋಡುವುದಕ್ಕೇನೋ ಸಾಕು. ಆದರೆ ಕಣ್ಣಿನ ಕೆಲಸ ನೋಡುವುದಷ್ಟೇ ಅಲ್ಲ. ಅಕ್ಷಿಪಟಲದಲ್ಲಿ ಚಿತ್ರವನ್ನು ಗ್ರಹಿಸುವುದಕ್ಕಲ್ಲದೆ, ಹಗಲು ರಾತ್ರಿಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದಕ್ಕಾಗಿಯೇ ಇರುವ ಕೆಲವು ವಿಶೇಷ ಜೀವಕೋಶಗಳುಂಟು. ಇವು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆಂಬುದನ್ನು ಅಮೆರಿಕದ ಡೇವಿಡ್ ಬರ್ಸನ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ತೋರಿಸಿಕೊಟ್ಟರು. ನಿದ್ರೆ ಎಚ್ಚರಗಳ ದೈನಿಕ ಲಯವನ್ನು ಹದದಲ್ಲಿಡುವುದು ಈ ಸುದ್ದಿಯೇ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನಗಳನ್ನು ಕಳೆಯುವವನ ಶರೀರಕ್ಕೆ ಸೂರ್ಯನು ಮೂಡಿದುದೂ ಮುಳುಗಿದುದೂ ಸರಿಯಾಗಿ ತಿಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಅಂಗಡಿಯ ಕಿಟಕಿ ಹೊರಗಿನವರು ಒಳಗೆ ನೋಡಲೆಂದು ಮಾಡಿದ್ದು. ಮನೆಯ ಕಿಟಕಿ ಒಳಗಿನವರು ಹೊರಗೆ ನೋಡಲೆಂದು ಮಾಡಿದ್ದು. ಕಾಲುದಾರಿಗೆ ಅಂಟಿಕೊಂಡ ಆಳೆತ್ತರದ ಗಾಜಿನ ಹಿಂದೆ ಯಾರು ತಾನೆ ನಿಶ್ಚಿಂತೆಯಾಗಿ ಊಟ ಮಾಡಿಯಾರು? ಪರದೆಯನ್ನು ಎಳೆಯಬೇಕಾಗುತ್ತದೆ, ಎಳೆದೊಡನೆ ನಾವು ಲೆಕ್ಕ ಹಾಕಿದ 4.3 ಮೀಟರಿನ ಬೆಳಕೂ ಹೋಗುತ್ತದೆ. ಎಂ.ಎ. ವಿಧಿಯಾದರೋ ಉಪಯೋಗದ ಬದಲಾವಣೆಗೆ ಮಾತ್ರ ಅನುಮತಿ ಕೊಡುತ್ತದೆ. ಅಂಗಡಿಯ ಮುಂಭಾಗವನ್ನು ತೆಗೆದು ಮನೆಗೆ ಒಪ್ಪುವ ಗೋಡೆ ಕಿಟಕಿಗಳನ್ನಿಡುವುದಕ್ಕೆ, ಹಿಂಬದಿಯ ಗೋಡೆಯಲ್ಲಿ ಹೊಸ ಕಿಟಕಿಯನ್ನು ಕೊರೆಯುವುದಕ್ಕೆ ಪ್ರತ್ಯೇಕ ಅನುಮತಿ ಬೇಕು.

ಕಿವಿ, ಮೂಗು, ನೆಲ

ಬೆಳಕಿನ ಜೊತೆಗೆ ಪೂರ್ವಾನುಮೋದನೆಯಲ್ಲಿ ಕೇಳುವ ಇತರ ಪ್ರಶ್ನೆಗಳನ್ನೂ ಸಂಕ್ಷೇಪವಾಗಿ ನೋಡೋಣ.

ಮೊದಲನೆಯದು ಸದ್ದು. ಪಕ್ಕದ ಹೋಟೆಲಿನ ಹೊಗೆ ಸೆಳೆಯುವ ಪಂಖ, ಶೀತಕ ಯಂತ್ರದ ಗುಯ್‌ಗುಟ್ಟುವಿಕೆ, ನಸುಕಿನಲ್ಲಿ ಸರಕು ಇಳಿಸುವ ಲಾರಿ – ಇವು ಅಂಗಡಿಗೆ ಬಾಧಕವಲ್ಲ. ಆದರೆ ಮಲಗುವ ಕೋಣೆಯಲ್ಲಿ ರಾತ್ರಿಯ ಸದ್ದು ಸರಾಸರಿ 30 ಡೆಸಿಬೆಲನ್ನು ಮೀರದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತ್ತು. ಡೆಸಿಬೆಲ್ ಸಾಮಾನ್ಯ ಅಳತೆಗೋಲಲ್ಲ; 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಆದುದರಿಂದ 30ಕ್ಕೂ 50ಕ್ಕೂ ಇರುವ ಅಂತರ ನೂರು ಪಟ್ಟು.

ಎರಡನೆಯದು ನೆಲದ ಮಾಲಿನ್ಯ. ಈಗ ಬಟ್ಟೆಯಂಗಡಿಯಾಗಿರುವುದು ಹಿಂದೊಮ್ಮೆ ಡ್ರೈಕ್ಲೀನಿಂಗ್ ಅಂಗಡಿಯಾಗಿದ್ದಿರಬಹುದು. ಅಲ್ಲಿ ಬಳಸುತ್ತಿದ್ದ ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕ ಚೆಲ್ಲಿ ನೆಲಕ್ಕಿಳಿದರೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು, ಆವಿಯಾಗಿ ನೆಲದ ಬಿರುಕುಗಳಿಂದ ಮೇಲೇರುತ್ತದೆ. ಅದು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ ವರ್ಗೀಕರಿಸಿದೆ. ಗಿರಾಕಿ ಅಂಗಡಿಯಲ್ಲಿ ಹತ್ತು ನಿಮಿಷ ಉಸಿರಾಡುತ್ತಾನೆ; ಮನೆಯ ಮಗು ಅಲ್ಲಿ ಇಡೀ ರಾತ್ರಿ ಉಸಿರಾಡುತ್ತದೆ. ವಿಷದ ಪ್ರಮಾಣ ಸಾಂದ್ರತೆಯನ್ನು ಮಾತ್ರವಲ್ಲದೆ ಕಾಲವನ್ನೂ ಅವಲಂಬಿಸುತ್ತದೆ.

ಮೂರನೆಯದು ನೆರೆಹಾವಳಿ. ನದಿಯ ದಡದ ಪಟ್ಟಣಗಳಲ್ಲಿ ನೀರು ನುಗ್ಗಿದರೆ ಅಂಗಡಿಯಲ್ಲಿ ಹಾಳಾಗುವುದು ಸರಕು. ನೆಲ ಅಂತಸ್ತಿನ ಮನೆಯಲ್ಲಿ ಅಪಾಯಕ್ಕೆ ಸಿಲುಕುವುದು ಮಲಗಿರುವ ಜೀವ. ಇವಲ್ಲದೆ ವಾಹನ ಸಂಚಾರದ ವಿಷಯವನ್ನೂ, ಎತ್ತರದ ಕಟ್ಟಡಗಳಲ್ಲಿ ಬೆಂಕಿಯಿಂದ ರಕ್ಷಣೆಯನ್ನೂ ಪರಿಶೀಲಿಸುತ್ತಾರೆ. ಗೋಡೆಯ ಶಾಖ ನಿರೋಧ, ಗಾಳಿಯ ಸಂಚಾರ, ಬೆಂಕಿ ಹರಡದ ಏರ್ಪಾಡು ಮೊದಲಾದುವಕ್ಕೆ ಕಟ್ಟಡ ನಿಯಮಗಳೆಂಬ ಬೇರೆಯ ವಿಧಿಗಳುಂಟು. ಪೂರ್ವಾನುಮೋದನೆ ದೊರೆತ ಮಾತ್ರಕ್ಕೆ ಅವುಗಳಿಂದ ಬಿಡುಗಡೆಯಿಲ್ಲ.

ಊರಿನ ಪಾಲು

ಇಷ್ಟೆಲ್ಲವೂ ಮನೆಯೊಳಗೆ ವಾಸಿಸುವವನ ಹಿತದ ಮಾತಾಯಿತು. ಅಂಗಡಿ ಮುಚ್ಚಿದರೆ ನಷ್ಟವಾಗುವುದು ಅದರ ಗಿರಾಕಿಗಳಿಗೂ ತಾನೆ? ಸಾಲು ಅಂಗಡಿಗಳ ನಡುವೆ ಒಂದು ಮನೆಯಾದರೆ ಅಲ್ಲಿ ಬೀದಿಯ ನಡಿಗೆ ಮುರಿಯುತ್ತದೆ. ನಾಲ್ಕು ಮನೆಗಳಾದರೆ ಐದನೆಯ ಅಂಗಡಿಗೆ ಯಾರೂ ಬರುವುದಿಲ್ಲ. ಇದಕ್ಕೂ ಕಾನೂನು ಕೊಂಚ ಎಡೆಮಾಡಿಕೊಟ್ಟಿದೆ. ಸಂರಕ್ಷಿತ ಪ್ರದೇಶಗಳಲ್ಲಿ ನೆಲ ಅಂತಸ್ತಿನ ಅಂಗಡಿ ಹೋದರೆ ಆ ಪ್ರದೇಶದ ಸ್ವರೂಪ ಕೆಡುವುದೆ ಎಂದು ಪ್ರಾಧಿಕಾರ ವಿಚಾರಿಸಬಹುದು. ಇನ್ನು ಹಳ್ಳಿಯ ಏಕೈಕ ಅಂಗಡಿಯ ವಿಷಯ. ಆಹಾರವೇ ಮೊದಲಾದ ಅಗತ್ಯ ವಸ್ತುಗಳನ್ನು ಮಾರುವ, 280 ಚದರ ಮೀಟರನ್ನು ಮೀರದ, ಒಂದು ಕಿಲೋಮೀಟರ್ ಸುತ್ತಳತೆಯೊಳಗೆ ತನ್ನಂಥ ಇನ್ನೊಂದಿಲ್ಲದ ಅಂಗಡಿಯನ್ನು ‘ಇ’ ವರ್ಗದಿಂದ ಹೊರಗಿಟ್ಟು ಬೇರೆಯೇ ವರ್ಗಕ್ಕೆ ಸೇರಿಸಲಾಗಿದೆ. ಆದುದರಿಂದ ಅದನ್ನು ಎಂ.ಎ. ವಿಧಿಯ ಮೂಲಕ ಮನೆಯಾಗಿಸಲು ಬಾರದು. ಇದಲ್ಲದೆ, ಊರಿನ ಹಿತಕ್ಕೆ ತೀರ ಅಗತ್ಯವೆಂದು ಕಂಡುಬಂದರೆ ಒಂದು ನಿರ್ದಿಷ್ಟ ಪ್ರದೇಶದ ಮಟ್ಟಿಗೆ ಈ ಸೌಲಭ್ಯವನ್ನೇ ಹಿಂತೆಗೆದುಕೊಳ್ಳುವ ಆಜ್ಞೆಯನ್ನು ಪ್ರಾಧಿಕಾರ ಹೊರಡಿಸಬಹುದು. ಅದಕ್ಕೆ ‘ನಾಲ್ಕನೆಯ ಅನುಚ್ಛೇದದ ನಿರ್ದೇಶ’ವೆಂದು ಹೆಸರು, ಅದನ್ನು ತಿದ್ದುವ, ರದ್ದುಮಾಡುವ ಅಧಿಕಾರ ಕೇಂದ್ರ ಸರ್ಕಾರದ ಮಂತ್ರಿಗೆ ಇದೆ.

ಸರಿಯಾದ ಉತ್ತರ

ಹಾಗಾದರೆ ನಮ್ಮ ಲೆಕ್ಕಕ್ಕೆ ಉತ್ತರವೇನು? ಇದ್ದುದು ಇದ್ದಂತೆಯೇ ಎಂದರೆ ಆ ಅಂಗಡಿಯಲ್ಲಿ ಆಗುವುದು ಒಂದೇ ಮನೆ. ಹಿಂದಿನ ಕತ್ತಲೆಯ ಭಾಗ ಬಚ್ಚಲಿಗೆ, ಸಾಮಾನಿಗೆ, ಸೈಕಲ್ಲಿಗೆ ಸಲ್ಲಬೇಕು. ಮಾಲಿಕನು ಕೊಂಚ ತಾಳ್ಮೆ ವಹಿಸಿ, ಪ್ರತ್ಯೇಕ ಅನುಮತಿ ಪಡೆದು, ಓಣಿಯ ಕಡೆ ಬೆಳಕು ಸಾಕಷ್ಟಿದ್ದಲ್ಲಿ ಹಿಂಗೋಡೆಯಲ್ಲಿ ಕಿಟಕಿಗಳನ್ನು ತೆರೆದನೆನ್ನಿ. ಆಗ ಮುಂದೆ ಇರುವ ಕೋಣೆ, ನಡುವೆ ಬಚ್ಚಲು, ಹಿಂದೆ ಎರಡು ಮಲಗುವ ಕೋಣೆಗಳು – ಹೀಗೆ ನಾಲ್ವರ ಸಂಸಾರಕ್ಕೆ ವಿಧಿಸಿದ 70 ಚದರ ಮೀಟರನ್ನು ಮೀರಿದ ಒಂದು ಮನೆಯೇ ದೊರೆಯುತ್ತದೆ. ಬಾಡಿಗೆಯ ಲೆಕ್ಕದಲ್ಲಿ ಎರಡು ದೊಡ್ಡದು, ಒಂದು ಚಿಕ್ಕದು. ಬಾಳಿನ ಲೆಕ್ಕದಲ್ಲಿ ಹಾಗಲ್ಲ.

ಇದೆಲ್ಲ ದೂರದ ದೇಶದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. 1961ರಲ್ಲಿ ಮೈಸೂರು ರಾಜ್ಯದ ಕಾನೂನಾಗಿ ಬಂದು, ಇಂದು ಕರ್ನಾಟಕದಲ್ಲಿ ಜಾರಿಯಲ್ಲಿರುವ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ‘ಅಭಿವೃದ್ಧಿ’ಗೆ ಹೆಚ್ಚುಕಡಿಮೆ ಅದೇ ಅರ್ಥವನ್ನು ಹೇಳುತ್ತದೆ. ಕಟ್ಟುವ ಕೆಲಸದಂತೆಯೇ ಕಟ್ಟಡದ ಉಪಯೋಗದಲ್ಲಾಗುವ ಗಣನೀಯ ಮಾರ್ಪಾಟೂ ಅದರೊಳಗೆ ಬರುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವುದು ಮನೆಯ ಮುಂಗೋಣೆ ಅಂಗಡಿಯಾಗುವ ತಿರುಗುಮುರುಗಾದ ಪ್ರಸಂಗ. ಆದರೆ ಪ್ರಶ್ನೆಗಳು ಅವೇ: ಸದ್ದೆಷ್ಟು, ಸಂಚಾರವೆಷ್ಟು, ಹಿಂದಿನ ಕೋಣೆಯಲ್ಲಿ ಉಳಿದವರಿಗೆ ಬೆಳಕು ಗಾಳಿಗಳೆಷ್ಟು?

ನಿಯಮಗಳು ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ವರ್ಗಗಳ ಹೆಸರುಗಳು ಬದಲಾಗುತ್ತವೆ. ಬದಲಾಗದಿರುವುದು ಮನುಷ್ಯನ ಕಣ್ಣು, ಕಿವಿ, ಶ್ವಾಸಕೋಶಗಳು. ಮುಂದಿನ ಸಾರಿ ಉದ್ದನೆಯ ಅಂಗಡಿಯೊಂದರೊಳಗೆ ಹೋದಾಗ ವಾಚಕರು ಬಾಗಿಲಿಂದ ಹೆಜ್ಜೆ ಎಣಿಸುತ್ತ ಒಳಗೆ ನಡೆದು, ಆಗಾಗ ಹಿಂತಿರುಗಿ ನೋಡಲಿ. ಆಕಾಶದ ಕೊನೆಯ ಚೂರು ಮರೆಯಾದ ಹೆಜ್ಜೆಯ ಬಳಿ ನಿಂತು, ಇಲ್ಲಿ ಮಂಚ ಹಾಕಿಕೊಂಡು ಬಾಳಬಹುದೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಆ ಪ್ರಶ್ನೆಯನ್ನು ಬಾಡಿಗೆದಾರನ ಪರವಾಗಿ ಮುಂದಾಗಿಯೇ ಕೇಳುವುದಕ್ಕೆಂದೇ ಯೋಜನಾ ನಿಯಮಗಳು ಇರುವುದು.